ಹತ್ತಿ ಹೋದ ಹಾದಿಯಲ್ಲಿ ಹೊಸ ಸ್ಟೇಷನ್ನುಗಳು

2025ರ ಮೇ 22ರಂದು, ಅಮೃತ ಭಾರತ ಯೋಜನೆಯಲ್ಲಿ ಹೊಸ ರೂಪ ಪಡೆದ ದೇಶದ 103 ರೈಲು ನಿಲ್ದಾಣಗಳು ಒಂದೇ ಏಟಿಗೆ ಉದ್ಘಾಟನೆ ಆದವು. ಪ್ರಧಾನಿ ಇದ್ದದ್ದು ರಾಜಸ್ಥಾನದ ಬಿಕಾನೇರ್ ಹತ್ತಿರದ ದೇಶ್‌ನೋಕ್‌ನಲ್ಲಿ. ಉಳಿದ ಊರುಗಳಲ್ಲಿ ಜನ ಪರದೆ ಮೇಲೆ ನೋಡಿದರು. ಆ ಪಟ್ಟಿಯಲ್ಲಿ ನಮ್ಮ ರಾಜ್ಯದ್ದು ಐದು: ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್, ಗೋಕಾಕ ರೋಡ್. ಐದೂ ಉತ್ತರ ಕರ್ನಾಟಕದವು. ಇನ್ನೊಂದು ವಿಷಯ ಎಂದರೆ, ಐದೂ ಒಂದೇ ಕಂಪನಿ ಹಾಕಿದ ಹಳಿ ಮೇಲೆ ನಿಂತಿವೆ. ಅದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ.

ಹೊಸ ಕಟ್ಟಡದ ಫೋಟೊಗಳು ಮೊಬೈಲಿಗೆ ಬೇಕಾದಷ್ಟು ಬಂದಿದ್ದವು. ನನಗೆ ಬೇಕಾಗಿದ್ದದ್ದು ಬೇರೆ. ಈ ಹಳಿ ಇಲ್ಲಿಗೆ ಯಾಕೆ ಬಂತು? ಈಗ ಸ್ಟೇಷನ್ನುಗಳಿಗೆ ಹೊಸ ಮುಖ ಕೊಟ್ಟಿದ್ದಾರಲ್ಲ, ಅದು ಯಾರಿಗಾಗಿ? ಐದಕ್ಕೂ ಹೋಗುವಷ್ಟು ರಜೆ ಇರಲಿಲ್ಲ. ಧಾರವಾಡ, ಗದಗ, ಬಾಗಲಕೋಟೆ ಅಂತ ಗೊತ್ತು ಮಾಡಿಕೊಂಡು ಬೆಂಗಳೂರಿನಿಂದ ರಾತ್ರಿ ಗಾಡಿ ಹತ್ತಿದೆ.

ಶುಕ್ರವಾರ, ಹುಬ್ಬಳ್ಳಿ

ಹುಬ್ಬಳ್ಳಿ ಪಟ್ಟಿಯಲ್ಲಿಲ್ಲ. ಆದರೆ ಈ ಭಾಗದ ರೈಲಿನ ಕಥೆಯನ್ನು ಹುಬ್ಬಳ್ಳಿ ಬಿಟ್ಟು ಶುರು ಮಾಡೋಕೆ ಆಗಲ್ಲ. 1885ರಿಂದ ಇಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ. ಸ್ಟೇಷನ್ನಿಗೆ ಈಗ ಸಿದ್ಧಾರೂಢ ಸ್ವಾಮೀಜಿಯ ಹೆಸರು.

ಮೊದಲು ಎಲ್ಲರೂ ನೋಡೋದು ಆ ಉದ್ದನೆಯ ಪ್ಲಾಟ್‌ಫಾರ್ಮ್. 1507 ಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಗೋರಖಪುರದ್ದೇ ಜಗತ್ತಿನಲ್ಲಿ ಉದ್ದ ಅನ್ನುತ್ತಿದ್ದರು, ಅದು 1366 ಮೀಟರ್. ನಾನು ಒಂದು ತುದಿಯಿಂದ ನಡೆಯುತ್ತಾ ಹೋದೆ. ಅರ್ಧ ಹೋಗುವಷ್ಟರಲ್ಲೇ ದಾಖಲೆಯ ಉತ್ಸಾಹ ಇಳಿದು, ಬಿಸಿಲಿನ ಅರಿವಾಗತೊಡಗಿತು. ಉದ್ದ ಇದ್ದರೆ ಒಂದರ ಹಿಂದೊಂದು ಎರಡು ಗಾಡಿ ನಿಲ್ಲಿಸಬಹುದು, ಅದೇ ಅದರ ಉಪಯೋಗ. ಕೋಚ್ ಯಾವ ಕಡೆ ಬರುತ್ತೆ ಅಂತ ಗೊತ್ತಿಲ್ಲದೆ ಸೂಟ್‌ಕೇಸ್ ಎಳೆಯುವವರಿಗೆ ಮಾತ್ರ ದಾಖಲೆ ನೆನಪಾಗೋದಿಲ್ಲ.

ಗದಗ ರಸ್ತೆ ಕಡೆ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಅಂತ ಎರಡು ಹಳೆ ಕಾಟೇಜುಗಳನ್ನು ಸರಿಮಾಡಿ ಅದರೊಳಗೆ ವಸ್ತುಗಳನ್ನು ಇಟ್ಟಿದ್ದಾರೆ. ಹೊರಗೆ ನ್ಯಾರೋಗೇಜ್ ಎಂಜಿನ್ನುಗಳು. ಮಕ್ಕಳು ಎಂಜಿನ್ ಹತ್ತಿ ಇಳಿದು ಮಾಡುತ್ತಿದ್ದರು.

ನಾನು ನಿಂತದ್ದು ಗೇಜಿನ ವಿಷಯದಲ್ಲಿ. ಬ್ರಾಡ್‌ಗೇಜ್ ಅಂದರೆ ಹಳಿಗಳ ನಡುವೆ 1676 ಮಿಲಿಮೀಟರ್. ಮೀಟರ್‌ಗೇಜ್ ಹೆಸರೇ ಹೇಳುವಂತೆ 1000. 1870ರ ಹೊತ್ತಿಗೆ ಸರ್ಕಾರಕ್ಕೆ ದುಡ್ಡು ಉಳಿಸಬೇಕಾಗಿತ್ತು. ಹಾಗಾಗಿ ವೈಸ್‌ರಾಯ್ ಮೇಯೊ ಕಾಲದಲ್ಲಿ ಮೀಟರ್‌ಗೇಜ್ ಬಂತು. ಸದರ್ನ್ ಮರಾಠಾ ರೈಲ್ವೆ ಹಾಕಿದ್ದೂ ಅದೇ. ಆ ಉಳಿತಾಯದ ಬೆಲೆಯನ್ನು ಈ ಭಾಗದ ಜನ ನೂರು ವರ್ಷಕ್ಕಿಂತ ಜಾಸ್ತಿ ಕಟ್ಟಿದರು. ಬ್ರಾಡ್‌ಗೇಜ್ ಹಳಿ ಸಿಗುವ ಹೋಟಗಿಯಲ್ಲಿ, ಗುಂತಕಲ್ಲಿನಲ್ಲಿ ಎಲ್ಲ ಸಾಮಾನು ಇಳಿಸಿ ದೊಡ್ಡ ಗಾಡಿಗೆ ಮತ್ತೆ ಏರಿಸಬೇಕಿತ್ತು. ಜನರೂ ಅಷ್ಟೆ. ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು.

ಶನಿವಾರ, ಧಾರವಾಡ

ಹುಬ್ಬಳ್ಳಿಯಿಂದ 20 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಜಲ್ದಿ ಅಂತ ಎಲ್ಲರೂ ಹೇಳಿದರು. ಸ್ಟೇಷನ್ ನೋಡೋಕೆ ಬಸ್ಸಿನಲ್ಲಿ ಹೋಗೋದೇ? ರೈಲಿಗೇ ಕಾದೆ.

ಈ ಸ್ಟೇಷನ್ನಿನ ಮಹತ್ವ ತಿಳಿಯಬೇಕಾದರೆ ಹಳಿ ಹಿಡಿದು ಪಶ್ಚಿಮಕ್ಕೆ ನೋಡಬೇಕು. ಲೋಂಡಾ, ಕ್ಯಾಸಲ್‌ರಾಕ್, ಅಲ್ಲಿಂದ ಘಟ್ಟ ಇಳಿದರೆ ಗೋವಾದ ಮುರ್ಮಗೋವಾ ಬಂದರು. ಗೋವಾ ಆಗ ಪೋರ್ಚುಗೀಸರದ್ದು. 1878ರಲ್ಲಿ ಬ್ರಿಟಿಷರಿಗೂ ಅವರಿಗೂ ಒಪ್ಪಂದ ಆಗಿ, ಹತ್ತು ವರ್ಷದಲ್ಲಿ ಬಂದರಿನವರೆಗೆ ಹಳಿ ಕೂಡಿತು. ಧಾರವಾಡದ ಕಪ್ಪು ನೆಲದ ಹತ್ತಿ ಸಮುದ್ರ ಸೇರೋಕೆ ಅದು ಹೊಸ ದಾರಿ.

ಅದಕ್ಕೂ ಮೊದಲು ಈ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಕುಮಟಾದಲ್ಲಿ ಹತ್ತಿ ಗಿಡ ಒಂದೂ ಇಲ್ಲದಿದ್ದರೂ ಪೇಟೆಯಲ್ಲಿ ಈ ಮಾಲಿಗೆ ಕುಮಟಾ ಹತ್ತಿ ಅಂತಲೇ ಹೆಸರು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತುಹೋಯಿತು. ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಗಾಡಿ ದಾರಿಯನ್ನು ನಂಬಿಕೊಂಡು ಕೂರೋದು ಮಿಲ್ಲುಗಳಿಗೆ ಬೇಡವಾಗಿತ್ತು.

ಈಗ ಧಾರವಾಡದಲ್ಲಿ ಹತ್ತಿ ಕಾಣೋದಿಲ್ಲ. ಕಾಣೋದು ವಿದ್ಯಾರ್ಥಿಗಳು ಮತ್ತು ಪೇಡೆಯ ಡಬ್ಬಿಗಳು. 2023ರ ಜೂನ್ 27ರಿಂದ ಬೆಂಗಳೂರಿಗೆ ವಂದೇ ಭಾರತ್ ಇಲ್ಲಿಂದಲೇ ಹೊರಡುತ್ತೆ. ಊರಿಗೆ ಅದೊಂದು ಹೆಮ್ಮೆ. ಆಟೋದವರು ನಾನು ಕೇಳದೇ ಹೇಳಿದರು: "ಹುಬ್ಬಳ್ಳಿಯವ್ರಿಗೆ ಎರಡನೇ ಸ್ಟಾಪ್ ನೋಡ್ರಿ ಸರ. ಮೊದಲು ನಮ್ದು."

ಹೊಸ ಸ್ಟೇಷನ್ನಿನಲ್ಲಿ ನಾನು ಜಾಸ್ತಿ ಹೊತ್ತು ನೋಡಿದ್ದು ನೆಲವನ್ನು. ಪ್ಲಾಟ್‌ಫಾರ್ಮ್ ಉದ್ದಕ್ಕೂ ಹಳದಿ ಟೈಲ್ಸ್ ಪಟ್ಟಿ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕಾಲಿನಿಂದ ಅದನ್ನು ಸವರಿ ನೋಡುತ್ತಿದ್ದರು.

"ಇವು ಯಾಕ್ರೀ ಹಿಂಗ ಬೊಕ್ಕಿ ಬೊಕ್ಕಿ ಅದಾವು?"

"ಕಣ್ಣು ಕಾಣದವರಿಗೆ ಅಜ್ಜಿ. ಉದ್ದ ಗೆರೆ ಇದ್ದರೆ ಮುಂದೆ ನಡೀಬಹುದು ಅಂತ. ದುಂಡಗಿನ ಬೊಕ್ಕೆ ಬಂದರೆ ನಿಲ್ಲಬೇಕು, ಮುಂದೆ ಅಂಚೋ ಮೆಟ್ಟಿಲೋ ಇದೆ ಅಂತ."

ಅಜ್ಜಿ ಇನ್ನೊಮ್ಮೆ ಕಾಲಾಡಿಸಿದರು. "ನನಗೂ ಅಷ್ಟೇನ್ ಕಾಣಂಗಿಲ್ಲ ಬಿಡ್ರಿ. ಛಲೋ ಮಾಡ್ಯಾರ," ಅಂದರು. ಆಮೇಲೆ ಅವರ ಮೊಮ್ಮಗ ಬಂದು ಅದೇ ಹಳದಿ ಪಟ್ಟಿಯ ಮೇಲೆ ಎರಡು ಬ್ಯಾಗು, ಒಂದು ನೀರಿನ ಕ್ಯಾನು ಇಟ್ಟ. ಕಣ್ಣು ಕಾಣದವರು ಬಂದರೆ ಮುಗ್ಗರಿಸಬೇಕು ಅಷ್ಟೆ. ಅಜ್ಜಿಯೇ ಅವನಿಗೆ ಬೈದು ತೆಗೆಸಿದರು.

ಇನ್ನೊಂದು ವಿಷಯ, ಪ್ಲಾಟ್‌ಫಾರ್ಮಿನ ಎತ್ತರ. ಮೀಟರ್‌ಗೇಜ್ ಕಾಲದಲ್ಲಿ ಪ್ಲಾಟ್‌ಫಾರ್ಮ್ ಹಳಿಯಿಂದ 30–40 ಸೆಂಟಿಮೀಟರ್ ಇದ್ದರೆ ಸಾಕಾಗುತ್ತಿತ್ತು. ಬ್ರಾಡ್‌ಗೇಜ್ ಬೋಗಿಗೆ ಅದು 76ರಿಂದ 84 ಸೆಂಟಿಮೀಟರ್ ಇರಬೇಕು. ಹಳಿ ಬದಲಾದ ಕಡೆಯೆಲ್ಲ ಪ್ಲಾಟ್‌ಫಾರ್ಮ್ ಏರಿಸಿದರು. ಹಳೆ ಕಲ್ಲಿನ ಕಟ್ಟಡವನ್ನು ಏರಿಸೋಕೆ ಆಗುತ್ತಾ? ಅದು ಇದ್ದಲ್ಲೇ ಇತ್ತು. ಹಾಗಾಗಿ ಹಳೆ ಸ್ಟೇಷನ್ನುಗಳಲ್ಲಿ ಬಾಗಿಲುಗಳು ಗಿಡ್ಡ ಆದಂತೆ, ಕಿಟಕಿಗಳು ಮೊಣಕಾಲಿನ ಹತ್ತಿರಕ್ಕೆ ಬಂದಂತೆ ಕಾಣುತ್ತವೆ. ಮಳೆ ಬಂದರೆ ನೀರು ಒಳಗೆ. ಹಳೆ ಕಟ್ಟಡ ಯಾಕೆ ಕೆಡವಿದರು ಅಂತ ನಮ್ಮಂಥವರು ಬೇಜಾರು ಮಾಡಿಕೊಳ್ಳುತ್ತೇವೆ. ನಿಜ, ಬೇಜಾರಾಗುತ್ತೆ. ಆದರೆ ಎಂಜಿನಿಯರ್‌ಗಳ ಕಷ್ಟವೂ ಸುಳ್ಳಲ್ಲ.

ಭಾನುವಾರ, ಗದಗ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ದಾರಿ ನನಗೆ ಯಾವತ್ತೂ ಬೇಸರ ತರಿಸಿಲ್ಲ. ಕಣ್ಣು ಹಾಯಿಸಿದಷ್ಟು ಎರಿ ಹೊಲ. ಅಣ್ಣಿಗೇರಿ ದಾಟಿದ ಮೇಲೆ ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ಕಡೆಗೆ ಗಾಳಿಯಂತ್ರಗಳು.

ಗದಗದಲ್ಲಿ ನನ್ನ ಸ್ನೇಹಿತನ ಅಪ್ಪ ಇದ್ದಾರೆ. ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು. ನಾನೂ ಅವರನ್ನು ಕಾಕಾ ಅಂತಲೇ ಕರೆಯೋದು. ಸ್ಟೇಷನ್ನಿಗೇ ಬಂದಿದ್ದರು. ಮನೆಗೆ ಹೋಗೋಣ, ಮೊದಲು ನಾಷ್ಟಾ ಅಂದರು. ನಾನು ಬೇಡ, ಇಲ್ಲೇ ಕೂರೋಣ ಅಂದೆ. ಹೊಸ ಬೆಂಚಿನ ಮೇಲೆ ಕೂತು ಅವರು ಮೊದಲು ಹೇಳಿದ್ದು, "ಫ್ಯಾನ್ ಜೋರ್ ಬೀಸ್ತಾವ ನೋಡು ತಮ್ಮಾ. ನಮ್ಮ ಕಾಲದಾಗ ಫ್ಯಾನ್ ಇತ್ತು, ಗಾಳಿ ಇರಲಿಲ್ಲ."

ಗದಗಕ್ಕೆ ರೈಲು ಬಂದದ್ದು 1884ರ ಹೊತ್ತಿಗೆ. ಉತ್ತರಕ್ಕೆ ಬಾಗಲಕೋಟೆ, ವಿಜಯಪುರದ ಮೇಲೆ ಹೋಟಗಿಗೆ ಒಂದು ಹಳಿ. ಪೂರ್ವಕ್ಕೆ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಗೆ ಇನ್ನೊಂದು. ಪಶ್ಚಿಮಕ್ಕೆ ಹುಬ್ಬಳ್ಳಿ. ಮೂರೂ ದಿಕ್ಕಿನ ಹಳಿ ಕೂಡುವ ಜಾಗ. ಇಷ್ಟು ಸಣ್ಣ ಊರಿಗೆ ಇಷ್ಟು ಬೇಗ ಜಂಕ್ಷನ್ ಸಿಕ್ಕಿದ್ದು ಹೇಗೆ ಅಂದರೆ, ಒಂದು ಕಾರಣ ಹತ್ತಿ. ಇನ್ನೊಂದು ಕಾರಣ ಹಸಿವು.

1876ರಿಂದ 78ರವರೆಗೆ ದಖನ್ನಿನಲ್ಲಿ ಭೀಕರ ಬರ ಬಿತ್ತು. ಹಿರಿಯರ ಬಾಯಲ್ಲಿ ಅದು ಧಾತು–ಈಶ್ವರ ಸಂವತ್ಸರಗಳ ಬರ. ಲಕ್ಷಗಟ್ಟಲೆ ಜನ ಸತ್ತರು. ಕರಾವಳಿ ಬಂದರುಗಳಿಗೆ ಹಡಗಿನಲ್ಲಿ ಕಾಳು ಬಂದರೂ ಅದನ್ನು ಘಟ್ಟ ಹತ್ತಿಸಿ ಒಳನಾಡಿಗೆ ತರೋದು ಯಾರು? ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಒಂದು ಗಾಡಿ ಕಾಳು ತರಬೇಕಾದರೆ ಎತ್ತಿನ ಮೇವನ್ನೂ ಅದೇ ಗಾಡಿಯಲ್ಲಿ ಹೇರಬೇಕು. 1880ರಲ್ಲಿ ಬರಗಾಲದ ಆಯೋಗ ವರದಿ ಕೊಟ್ಟಿತು: ಕೂಡಲೇ ಇನ್ನೂ 5,000 ಮೈಲಿ ರೈಲು ಹಳಿ ಬೇಕು. ಸದರ್ನ್ ಮರಾಠಾ ರೈಲ್ವೆ ಎದ್ದದ್ದು ಆ ಗಾಳಿಯಲ್ಲಿ.

ಕಾಳು ಒಳಗೆ ಬರೋಕೆ ಹಾಕಿದ ಹಳಿ ಕಾಳನ್ನು ಹೊರಗೂ ಒಯ್ಯುತ್ತೆ ಅನ್ನೋದು ಆಮೇಲೆ ಗೊತ್ತಾಯಿತು. ಬೆಲೆ ಎಲ್ಲಿ ಜಾಸ್ತಿಯೋ ಮಾಲು ಅಲ್ಲಿಗೆ ಓಡುತ್ತೆ. ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಇಂಥವರು ಇದೇ ಮಾತನ್ನು ಎತ್ತಿ ಜಗಳ ಆಡಿದರು. ರೈಲಿಗೆ ಸುರಿದ ದುಡ್ಡು ಕೆರೆ–ಕಾಲುವೆಗೆ ಹೋಗಿದ್ದರೆ ಬರವೇ ಅಷ್ಟು ಕಾಡುತ್ತಿರಲಿಲ್ಲ ಅನ್ನೋದು ದತ್ತರ ವಾದ. ಗದಗದ ಬಿಸಿಲಿನಲ್ಲಿ ಕೂತು ಯೋಚಿಸಿದರೆ ದತ್ತರ ಮಾತು ಸರಿ ಅನ್ನಿಸುತ್ತೆ. ಆದರೂ ರೈಲು ಬೇಡವಾಗಿತ್ತು ಅಂತ ಇಲ್ಲಿ ಯಾರಾದರೂ ಹೇಳಲಿ ನೋಡೋಣ.

ಕಾಕಾ ಹತ್ತಿಯ ಅಂಡಿಗೆಗಳನ್ನು, ಅಂದರೆ ಒತ್ತಿ ಕಟ್ಟಿದ ಮೂಟೆಗಳನ್ನು, ಕಣ್ಣಾರೆ ಕಂಡವರು. ಗೂಡ್ಸ್ ಶೆಡ್ಡಿನ ಮುಂದೆ ಹಮಾಲರು, ಚಕ್ಕಡಿಗಳು, ಹಾರಾಡುವ ಅರಳೆ. "ಗಾಡಿಗೆ ಕಾಯೋ ಮಂದಿ ಅಂಡಗಿ ಮ್ಯಾಲೆ ಕುಂದರ್ತಿದ್ರು. ಬೆಂಚು ಎಲ್ಲಿದ್ವು? ಮಾಲಿಗೆ ಮಾಡಿದ ಸ್ಟೇಷನ್ನು ಇದು. ಮಂದಿ ನಡಕ ಬಂದು ಸೇರ್ಕೊಂಡ್ರು."

ಈ ಒಂದು ಮಾತಿಗೆ ನನ್ನ ಪ್ರಯಾಣ ಸಾರ್ಥಕ ಆಯಿತು.

ಟೋಕನ್ ಬಗ್ಗೆ ಕೇಳಿದೆ. ಒಂಟಿ ಹಳಿ ಇರುವ ಕಡೆ ಎದುರಿನಿಂದ ಇನ್ನೊಂದು ಗಾಡಿ ಬರಬಾರದಲ್ಲ, ಅದಕ್ಕಾಗಿ ಇದ್ದ ವ್ಯವಸ್ಥೆ ಅದು. ಎರಡು ಸ್ಟೇಷನ್ನುಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಪೆಟ್ಟಿಗೆ. ಟೋಕನ್ ಅಂದರೆ ಅದರೊಳಗಿನ ಲೋಹದ ಗುಂಡು. ಒಂದು ಕಡೆ ಗುಂಡು ಹೊರಗೆ ತೆಗೆದರೆ, ಅದು ಮತ್ತೆ ಪೆಟ್ಟಿಗೆಗೆ ಬೀಳುವವರೆಗೆ ಎರಡೂ ಕಡೆ ಬೇರೆ ಗುಂಡು ಬರೋದಿಲ್ಲ. ಆ ಗುಂಡು ಡ್ರೈವರ್ ಕೈಯಲ್ಲಿದ್ದರೆ ಮಾತ್ರ ಗಾಡಿ ಮುಂದೆ. ಚರ್ಮದ ಚೀಲದಲ್ಲಿ ಗುಂಡು ಹಾಕಿ, ಆ ಚೀಲವನ್ನು ದೊಡ್ಡ ಬಳೆಗೆ ಕಟ್ಟಿ ಓಡುವ ಗಾಡಿಗೆ ಕೊಡುತ್ತಿದ್ದರು.

ಕಾಕಾ ಎದ್ದು ನಿಂತು ತೋರಿಸಿಯೇ ಬಿಟ್ಟರು. ಬಲಗೈ ಮೇಲೆತ್ತಿ ಬಳೆ ಹಿಡಿದಂತೆ, ಎಡಗೈ ಚಾಚಿ ಇನ್ನೊಂದನ್ನು ತಗೊಳ್ಳುವಂತೆ. "ಒಂದ್ ಕೈಯಾಗ ಕೊಡೂದು, ಇನ್ನೊಂದ್ ಕೈಲೆ ತೊಗೊಳ್ಳೂದು. ತಪ್ಪಿತಂದ್ರ ಗಾಡಿ ನಿಂದರಬೇಕು. ರಾತ್ರಿ ಆದ್ರ ದೀವಟಿಗಿ ಬೆಳಕಿನ್ಯಾಗ. ಮೊಣಕೈ ಕೆತ್ತಿ ಹೋಗ್ತಿತ್ತು." ಅಂಗಿಯ ತೋಳು ಮಡಚಿ ಗಾಯದ ಗುರುತು ಹುಡುಕಿದರು. ಸಿಗಲಿಲ್ಲ. "ಇತ್ತು ಇಲ್ಲೇ," ಅಂತ ನಕ್ಕರು. ಪಕ್ಕದಲ್ಲಿ ಫೋನ್ ಚಾರ್ಜಿಗೆ ಹಾಕಿ ನಿಂತಿದ್ದ ಹುಡುಗ ಇಯರ್‌ಫೋನ್ ತೆಗೆದು ಕೇಳುತ್ತಿದ್ದ.

ಗದಗ ಸ್ಟೇಷನ್ ಅಂದರೆ ನನಗೆ ಇನ್ನೊಬ್ಬ ಹುಡುಗನೂ ನೆನಪಾಗುತ್ತಾನೆ. 1933ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಗುರುವನ್ನು ಹುಡುಕಿಕೊಂಡು ಗದಗದ ಮನೆ ಬಿಟ್ಟು ಓಡಿಹೋದವನು. ತುಪ್ಪದ ವಿಷಯಕ್ಕೆ ಅಮ್ಮನ ಹತ್ತಿರ ಮುನಿಸಿಕೊಂಡಿದ್ದ ಅಂತಲೂ ಕಥೆ ಇದೆ. ಜೇಬಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ರೈಲಿನಲ್ಲಿ ಹಾಡುತ್ತಾ, ಜೊತೆಯ ಪ್ರಯಾಣಿಕರ ದಯೆಯಿಂದ ಊರೂರು ದಾಟುತ್ತಾ ಗ್ವಾಲಿಯರ್‌ವರೆಗೆ ಹೋದ. ಮುಂದೆ ಅವನೇ ಪಂಡಿತ ಭೀಮಸೇನ ಜೋಶಿ. ಕಡೆಗೆ ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಮಾತ್ರ ಮನೆ ಬಾಗಿಲಲ್ಲೇ, ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಅದೇ ಸವಾಯಿ ಗಂಧರ್ವರ ಹತ್ತಿರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಓಡಾಡುತ್ತಿದ್ದರು. ಹತ್ತಿಗೆ ಹಾಕಿದ ಹಳಿ ಇವರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯನ್ನೂ ಸಾಗಿಸಿತು ಅನ್ನಬಹುದು.

ಸ್ಟೇಷನ್ನುಗಳನ್ನು ಸ್ಥಳೀಯ ಕಲೆ, ಸಂಸ್ಕೃತಿ ಕಾಣುವಂತೆ ಕಟ್ಟಬೇಕು ಅನ್ನೋದು ಅಮೃತ ಭಾರತ ಯೋಜನೆಯ ಒಂದು ಮಾತು. ಒಳ್ಳೆಯದೇ. ಗದಗಕ್ಕೆ ತ್ರಿಕೂಟೇಶ್ವರ ಇದೆ, ಕುಮಾರವ್ಯಾಸ ಕೂತು ಬರೆದ ಅಂತ ಹೇಳುವ ವೀರನಾರಾಯಣ ಗುಡಿ ಇದೆ, ಸ್ವಲ್ಪ ದೂರದಲ್ಲಿ ಲಕ್ಕುಂಡಿ ಇದೆ. ಆದರೆ ಗುಡಿ ನೋಡಬೇಕಾದವರು ಗುಡಿಗೇ ಹೋಗುತ್ತಾರಲ್ವಾ? ಸ್ಟೇಷನ್ನಿನ ಗೋಡೆ ಮೇಲೆ ಬರಬೇಕಾದದ್ದು ಸ್ಟೇಷನ್ನಿನದೇ ಕಥೆ. ಬರ, ಅಂಡಿಗೆ, ಟೋಕನ್ ಬಳೆ, ಟಿಕೆಟ್ಟಿಲ್ಲದ ಆ ಹುಡುಗ. ಇಷ್ಟು ಇದ್ದರೆ ಗಾಡಿ ತಡವಾದಾಗ ಓದೋಕಾದರೂ ಆಗುತ್ತೆ.

ಸಂಜೆ ಬೆಟಗೇರಿ ಕಡೆ ಸುತ್ತಾಡಿ ಬಂದು ಗಿರಮಿಟ್, ಮಿರ್ಚಿ ತಿಂದೆವು. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿದ್ದೆವು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಸೋಮವಾರ, ಬಾಗಲಕೋಟೆ

ಗದಗದಿಂದ ಬಾಗಲಕೋಟೆ ಸುಮಾರು 90 ಕಿಲೋಮೀಟರ್. ಈ ಹಳಿ ಮೀಟರ್‌ಗೇಜಿನಿಂದ ಪೂರ್ತಿ ಬಿಡುಗಡೆ ಆಗಿದ್ದು 2000ದ ನಂತರವೇ. ಹೊಳೆಆಲೂರಿನಲ್ಲಿ ಮಲಪ್ರಭೆ ದಾಟುತ್ತೇವೆ. ಬಾದಾಮಿ ಸ್ಟೇಷನ್ನು ಊರಿನಿಂದ ಸಾಕಷ್ಟು ದೂರ, ಗುಹೆ ನೋಡಲು ಇಳಿದವರು ಆಟೋ ಹುಡುಕುತ್ತಿದ್ದರು. ಆಮೇಲೆ ಗುಳೇದಗುಡ್ಡ ರೋಡ್. ಖಣದ ಬಟ್ಟೆಗೆ ಹೆಸರಾದ ಊರು, ಅದೂ ಸ್ಟೇಷನ್ನಿನಿಂದ ದೂರವೇ. ಗೋಕಾಕ ರೋಡ್ ಕೂಡ ಹಾಗೆಯೇ. ಹೆಸರಿನಲ್ಲಿ ರೋಡ್ ಇದ್ದರೆ ಊರಿನಲ್ಲಿ ಸ್ಟೇಷನ್ ಇಲ್ಲ ಅಂತ ಲೆಕ್ಕ. ಕಂಪನಿಗೆ ಹಳಿ ನೇರ ಹೋಗಬೇಕಿತ್ತು, ಊರು ಬಳಸಿ ಹೋದರೆ ಖರ್ಚು.

ಈ ಓಡಾಟದಲ್ಲಿ ಒಂದು ಕಡೆ ಹೊಸ ಲಿಫ್ಟಿಗೆ ಬೀಗ ಹಾಕಿತ್ತು. ಯಾವ ಊರು ಅಂತ ಹೇಳಲ್ಲ. ಮೊಣಕಾಲು ನೋವಿನ ಒಬ್ಬರನ್ನು ನಾವು ಮೂರು ಜನ ಹಿಡಿದು ಮೇಲ್ಸೇತುವೆ ಹತ್ತಿಸಿದೆವು. ಕಟ್ಟೋದು ಒಂದು ಸಲದ ಕೆಲಸ. ಬೆಳಗ್ಗೆ ಬೀಗ ತೆಗೆಯೋದು, ನಲ್ಲಿಗೆ ವಾಷರ್ ಹಾಕೋದು, ಶೌಚಾಲಯ ತೊಳೆಯೋದು ದಿನಾ ಮಾಡಬೇಕಾದ ಕೆಲಸ. ಅದಕ್ಕೆ ಉದ್ಘಾಟನೆ ಇರೋದಿಲ್ಲ.

ಬಾಗಲಕೋಟೆಗೆ ಸ್ಟೇಷನ್ ಹಳೆಯದು, ಊರು ಹೊಸದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ದೊಡ್ಡ ಭಾಗ ಹೋಯಿತು. ಜನರನ್ನು ಎಬ್ಬಿಸಿ ನವನಗರ ಕಟ್ಟಿದರು, ಸೆಕ್ಟರ್ ನಂಬರ್ ಹಾಕಿ. ಅಲ್ಲಿಂದ ಸ್ಟೇಷನ್ನಿಗೆ ಬರಬೇಕಾದರೆ ಆಟೋ ಬೇಕು. ಮನೆ, ಗಲ್ಲಿ, ಪೇಟೆ ಎಲ್ಲ ಬದಲಾದವರಿಗೆ ರೈಲು ಹಳಿ ಒಂದು ಹಳೆ ಗುರುತು. ಈಗ ಅದಕ್ಕೂ ಹೊಸ ಮುಖ ಬಂದಿದೆ. ಸ್ಟೇಷನ್ ಮುಂದೆ ಚಹಾ ಕುಡಿಯುತ್ತಿದ್ದವರೊಬ್ಬರು ಹೇಳಿದರು: "ಬಿಲ್ಡಿಂಗ್ ಛಲೋ ಆಗೇತಿ. ಗಾಡಿ ಜಾಸ್ತಿ ಮಾಡ್ಲಿ ಅಂದ್ರ ಯಾರೂ ಕೇಳವಲ್ಲರು."

ಅವರು ಮುಧೋಳದ ಕಡೆಯವರು. ಮಾತು ಕುಡಚಿ ಹಳಿಗೆ ಹೊರಳಿತು. ಬಾಗಲಕೋಟೆಯಿಂದ ಕುಡಚಿವರೆಗೆ 142 ಕಿಲೋಮೀಟರಿನ ಹೊಸ ದಾರಿ. ಮಂಜೂರಾಗಿ ಹದಿನೈದು ವರ್ಷದ ಮೇಲಾಯಿತು. ಲೋಕಾಪುರದ ಕಡೆಯವರೆಗೆ ಹಳಿ ಬಿದ್ದಿದೆ, ಮುಂದಿನದು ನಡೀತಾ ಇದೆ. ಮುಗಿದರೆ ಬಾಗಲಕೋಟೆಯೂ ಜಂಕ್ಷನ್ ಆಗುತ್ತೆ, ಮೀರಜ್ ಕಡೆಗೆ ನೇರ ದಾರಿ ಸಿಗುತ್ತೆ.

"ಯಾಕೆ ಬೇಕು ಆ ಹಳಿ?" ಅಂತ ಕೇಳಿದೆ. ಅವರು ಬೆರಳು ಮಡಚಿ ಎಣಿಸಿದರು: ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಸುಣ್ಣದ ಕಲ್ಲು, ಬೆಲ್ಲ. ಎಲ್ಲ ಮಾಲೇ. ಕಾಕಾ ಹೇಳಿದ್ದು ಇಲ್ಲೂ ಸರಿಯೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಐದನೇ ಬೆರಳು ಮಡಚಿದರು. "ಮತ್ತ ನಮ್ಮ ಮಗಳನ್ನ ಮೀರಜಿಗೆ ಕೊಟ್ಟೇವ್ರಿ. ಈಗ ಎರಡು ಬಸ್ ಬದಲಿ ಮಾಡ್ಬೇಕು."

ನನ್ನ ಗಾಡಿ ಬಂತು ಅಂತ ಧ್ವನಿವರ್ಧಕ ಮೂರು ಭಾಷೆಯಲ್ಲಿ ಕೂಗಿತು. ಚಹಾದ ದುಡ್ಡು ಅವರೇ ಕೊಟ್ಟರು. ಬೇಡ ಅಂದರೂ ಕೇಳಲಿಲ್ಲ.